ನಾಲ್ಕು ಆಯಾಮಗಳ ಹಟ

ಸರಳರೇಖೆಯ ಮೇಲೆ ಕಲನಶಾಸ್ತ್ರ ನಡೆಸುವ ಬಗೆ ಒಂದೇ. ಎರಡು ಆಯಾಮದ ಸಮತಲದ ಮೇಲೂ ಒಂದೇ, ನಾವು ಓಡಾಡುವ ಮೂರು ಆಯಾಮಗಳಲ್ಲೂ ಒಂದೇ. ಐದು, ಆರು, ನೂರು ಆಯಾಮಗಳಿಗೆ ಹೋದರೂ ಸಾದಾ ಯೂಕ್ಲಿಡ್ ಆಕಾಶದ (ಸ್ಪೇಸ್‌ನ) ಮಟ್ಟಿಗೆ ಈ ಉತ್ತರ ಬದಲಾಗುವುದಿಲ್ಲ. ನಡುವೆ ನಾಲ್ಕು ಮಾತ್ರ ಉಳಿಯುತ್ತದೆ. ಅಲ್ಲಿ ಬಗೆಗಳು ಎರಡಲ್ಲ, ಹತ್ತಲ್ಲ, ಒಂದರ ನಂತರ ಒಂದನ್ನು ಪಟ್ಟಿ ಮಾಡುತ್ತ ಹೋದರೆ ಮುಗಿಯುವಂಥವೂ ಅಲ್ಲ. ವಾಸ್ತವ ಸಂಖ್ಯೆಗಳು ಎಷ್ಟಿವೆಯೋ ಅಷ್ಟಿವೆ. ಗಣಿತದಲ್ಲಿ ನಾನು ಕೇಳಿದ ಫಲಿತಾಂಶಗಳ ಪೈಕಿ ಇಷ್ಟು ವಿಚಿತ್ರವಾದುದು ಇನ್ನೊಂದಿಲ್ಲ. ಇದರ ಕಾರಣ ಬಹಳ ಸಾಮಾನ್ಯವಾದ ಒಂದು ಲೆಕ್ಕದಲ್ಲಿ, ಎರಡಕ್ಕೆ ಎರಡು ಕೂಡಿಸಿದರೆ ನಾಲ್ಕು ಎಂಬಲ್ಲಿ, ಅಡಗಿದೆ ಎಂಬುದನ್ನು ವಿವರಿಸಬೇಕೆಂದು ಈ ಬರಹ.

ಕಾಲೇಜಿನಲ್ಲಿ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಗಣಿತ ಹೇಳಿ ನಿವೃತ್ತನಾದ ಮೇಲೆ ನಾನು ನಾಪೋಕ್ಲಿನ ಕಡೆ ಒಂದು ಚಿಕ್ಕ ಕಾಫಿ ತೋಟ ನೋಡಿಕೊಂಡಿದ್ದೇನೆ. ಕಕ್ಕಡದ ಮಳೆ ಹಿಡಿದರೆ ತೋಟಕ್ಕೆ ಇಳಿಯುವಂತಿಲ್ಲ, ಎಲ್ಲೋ ಮರ ಬಿದ್ದು ಕರೆಂಟೂ ಹೋಗಿರುತ್ತದೆ. ಅಂಥ ದಿನಗಳಿಗೆ ಈ ವಿಷಯ ಒದಗಿಬಂತು, ಏಕೆಂದರೆ ಇದರ ಮುಖ್ಯ ವಾದಗಳನ್ನು ಬಿಳಿ ಹಾಳೆ ಮತ್ತು ಪೆನ್ಸಿಲ್ ಇದ್ದರೆ ಬಹುಮಟ್ಟಿಗೆ ಹಿಂಬಾಲಿಸಬಹುದು.

ಮೊದಲು 'ನಯರಚನೆ' ಎಂದರೇನು ಎಂಬುದು. ಕೊಡಗಿನ ಗುಡ್ಡಗಳನ್ನು ಒಂದೇ ಹಾಳೆಯ ಮೇಲೆ ವಿವರವಾಗಿ ತೋರಿಸಲಾಗದೆ ಸರ್ವೆಯವರು ಹಲವು ಹಾಳೆಗಳನ್ನು ಮಾಡುತ್ತಾರೆ. 1748 ಮೀಟರ್ ಎತ್ತರದ ತಡಿಯಂಡಮೋಳ್‌ನ ಸಮೋನ್ನತ ರೇಖೆಗಳು ಒಂದು ಹಾಳೆಯ ಅಂಚಿನಲ್ಲಿ ನಿಂತರೆ ಪಕ್ಕದ ಹಾಳೆಯಲ್ಲಿ ಅದೇ ಜಾಗದಿಂದ ಮುಂದುವರಿಯಬೇಕು. ಗಣಿತದವರ ಹಾಳೆಗಳು ಅಂಚಿಗೆ ಅಂಚು ಕೂಡುವ ಬದಲು ಒಂದರ ಮೇಲೊಂದು ಸ್ವಲ್ಪ ಹಾಯುತ್ತವೆ, ಹಾಗೆ ಹಾಯುವ ಭಾಗದಲ್ಲಿ ಒಂದು ಹಾಳೆಯ ನಿರ್ದೇಶಾಂಕಗಳಿಂದ ಇನ್ನೊಂದರ ನಿರ್ದೇಶಾಂಕಗಳಿಗೆ ಹೋಗುವ ಸೂತ್ರವನ್ನು ಎಷ್ಟು ಸಲ ಬೇಕಾದರೂ ಅವಕಲಿಸಲು ಬರಬೇಕು ಎಂಬುದು ಷರತ್ತು. ಷರತ್ತು ಏಕೆಂದರೆ, 'ಈ ಇಳಿಜಾರಿನಲ್ಲಿ ಉಷ್ಣಾಂಶ ಎಷ್ಟು ಬೇಗ ಇಳಿಯುತ್ತದೆ' ಎಂಬ ಪ್ರಶ್ನೆಗೆ ಒಂದು ಹಾಳೆಯಲ್ಲಿ ಅರ್ಥವಿದ್ದು ಇನ್ನೊಂದರಲ್ಲಿ ಇಲ್ಲವಾಗಬಾರದು. ಹೀಗೆ ತಮ್ಮತಮ್ಮಲ್ಲಿ ಹೊಂದಿಕೊಂಡ ಹಾಳೆಗಳ ಕಟ್ಟೇ ಒಂದು ನಯರಚನೆ; ಅಂಥ ಕಟ್ಟನ್ನು ಹೊತ್ತ ಆಕಾಶ ಒಂದು ನಯವಾದ ಮ್ಯಾನಿಫೋಲ್ಡ್.

ಎರಡು ಮ್ಯಾನಿಫೋಲ್ಡ್‌ಗಳ ನಡುವೆ ಹೋಗಿಬರುವ ದಾರಿ ಎರಡೂ ಕಡೆಗೆ ನಿರಂತರವಾಗಿದ್ದರೆ, ಅಂದರೆ ಎಲ್ಲೂ ಹರಿಯದೆ ಎಲ್ಲೂ ಅಂಟದೆ ಇದ್ದರೆ, ಅದು ಹೋಮಿಯೋಮಾರ್ಫಿಸಂ. ಅದರ ಮೇಲೆ ಎರಡೂ ಕಡೆಗೆ ಅವಕಲನೀಯವೂ ಆಗಿದ್ದರೆ ಡಿಫಿಯೋಮಾರ್ಫಿಸಂ. ಇಲ್ಲಿ ಎಡವುವ ಒಂದು ಜಾಗವಿದೆ. ಸರಳರೇಖೆಯ ಮೇಲೆ ಸಾಧಾರಣ ಅಳತೆಯ ಬದಲು ಪ್ರತಿ ಬಿಂದುವಿಗೂ ಅದರ ಘನವನ್ನು ನಿರ್ದೇಶಾಂಕವಾಗಿ ಕೊಟ್ಟರೆ ಹೊಸ ಹಾಳೆ ಹಳೆಯದರೊಂದಿಗೆ ಹೊಂದುವುದಿಲ್ಲ, ಏಕೆಂದರೆ ಘನಮೂಲಕ್ಕೆ ಸೊನ್ನೆಯಲ್ಲಿ ಅವಕಲನ ಇಲ್ಲ. ಹಾಗೆಂದು ವಿಲಕ್ಷಣ ರೇಖೆಯೊಂದು ಸಿಕ್ಕಿತು ಎನ್ನುವಂತಿಲ್ಲ. ಪ್ರತಿ ಬಿಂದುವನ್ನು ಅದರ ಘನಮೂಲಕ್ಕೆ ಒಯ್ಯುವ ನಕ್ಷೆ ಹಳೆಯ ರೇಖೆಯಿಂದ ಹೊಸ ರೇಖೆಗೆ ಡಿಫಿಯೋಮಾರ್ಫಿಸಂ ಆಗಿಬಿಡುತ್ತದೆ. ಬಿಂದುಗಳಿಗೆ ಬೇರೆ ಹೆಸರು ಕೊಟ್ಟದ್ದಷ್ಟೇ ಆಯಿತು. ವಿಲಕ್ಷಣ ಎನ್ನಬೇಕಾದರೆ ಎರಡು ರಚನೆಗಳ ನಡುವೆ ಹೋಮಿಯೋಮಾರ್ಫಿಸಂ ಇರಬೇಕು, ಆದರೆ ಡಿಫಿಯೋಮಾರ್ಫಿಸಂ ಒಂದೂ ಇರಬಾರದು. ಈ 'ಒಂದೂ ಇರಬಾರದು' ಎಂಬುದನ್ನು ಸಾಧಿಸುವುದೇ ಕಷ್ಟ. ಹುಡುಕಿದೆ, ಸಿಗಲಿಲ್ಲ ಎಂಬುದು ಸಾಧನೆಯಲ್ಲ.

ಮೂರು ಆಯಾಮಗಳವರೆಗೆ ವಿಲಕ್ಷಣವಾದುದು ಏನೂ ಇಲ್ಲ. ಮೂರರ ವಿಷಯವನ್ನು ಎಡ್ವಿನ್ ಮೊಯಿಸ್ 1952ರಲ್ಲಿ ಇತ್ಯರ್ಥ ಮಾಡಿದರು. ಮೊದಲ ಆಘಾತ ಬಂದದ್ದು 1956ರಲ್ಲಿ, ಏಳು ಆಯಾಮದಲ್ಲಿ. ಜಾನ್ ಮಿಲ್ನರ್ ಅವರು ಏಳು ಆಯಾಮದ ಗೋಳಕ್ಕೆ ಹೋಮಿಯೋಮಾರ್ಫಿಕ್ ಆಗಿದ್ದು ಡಿಫಿಯೋಮಾರ್ಫಿಕ್ ಆಗಿರದ ಮ್ಯಾನಿಫೋಲ್ಡ್‌ಗಳನ್ನು ಕಟ್ಟಿ ತೋರಿಸಿದರು. ಮಿಷೆಲ್ ಕೆರ್ವೇರ್ ಜೊತೆಗೂಡಿ 1963ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಎಡ-ಬಲದ ವ್ಯತ್ಯಾಸವನ್ನೂ ಎಣಿಕೆಗೆ ಹಿಡಿದರೆ ಸಾದಾ ಗೋಳವೂ ಸೇರಿ ಅವು 28. ಅಚ್ಚರಿಯೇನೋ ಹೌದು, ಆದರೆ ಅದು ಹದ್ದುಬಸ್ತಿನಲ್ಲಿರುವ ಅಚ್ಚರಿ. ಐದು ಮತ್ತು ಮೇಲಿನ ಆಯಾಮಗಳಲ್ಲಿ ಸಾಂದ್ರ, ಅಂದರೆ ಅನಂತಕ್ಕೆ ಚಾಚದೆ ಮಿತಿಯೊಳಗೇ ಮುಗಿಯುವ, ಮ್ಯಾನಿಫೋಲ್ಡ್ ಒಂದಕ್ಕೆ ನಯರಚನೆಗಳು ಇದ್ದರೆ ಅವು ಪರಿಮಿತ ಸಂಖ್ಯೆಯಲ್ಲಿ ಮಾತ್ರ ಇರುತ್ತವೆ, ಅವನ್ನು ಎಣಿಸುವ ಬೀಜಗಣಿತವೂ ಸಿದ್ಧವಿದೆ. ನಾಲ್ಕರಲ್ಲಿ ಹಾಗಿಲ್ಲ. ಮುಚ್ಚಿದ, ಅಂದರೆ ಸಾಂದ್ರವಾಗಿದ್ದು ಅಂಚಿಲ್ಲದ, ನಯವಾದ ನಾಲ್ಕು-ಮ್ಯಾನಿಫೋಲ್ಡ್ ಒಂದನ್ನು ತೆಗೆದುಕೊಂಡು 'ಇದರ ಮೇಲಿನ ನಯರಚನೆಗಳು ಇಷ್ಟೇ' ಎಂದು ಪೂರ್ತಿ ಸಾಧಿಸಿ ತೋರಿಸಿದ ಉದಾಹರಣೆ ಇದುವರೆಗೆ ಒಂದೂ ಇಲ್ಲ.

ಕಾರಣ ತಿಳಿಯಬೇಕಾದರೆ ಹ್ಯಾಸ್ಲರ್ ವಿಟ್ನಿ 1944ರಲ್ಲಿ ಬಳಸಿದ ಒಂದು ಉಪಾಯವನ್ನು ನೋಡಬೇಕು. ಒಂದು ಮ್ಯಾನಿಫೋಲ್ಡ್‌ನೊಳಗೆ ಎರಡು ಉಪಮ್ಯಾನಿಫೋಲ್ಡ್‌ಗಳು ಎರಡು ಬಿಂದುಗಳಲ್ಲಿ ಸಂಧಿಸುತ್ತಿವೆ, ಒಂದು ಸಂಧಿಯ ಚಿಹ್ನೆ ಧನ, ಇನ್ನೊಂದರದು ಋಣ ಎನ್ನೋಣ. ಬೀಜಗಣಿತದಲ್ಲಿ ಎರಡೂ ಸೇರಿ ಸೊನ್ನೆ. ಜ್ಯಾಮಿತಿಯಲ್ಲೂ ಅವನ್ನು ಅಳಿಸಬೇಕಾದರೆ ಒಂದರ ಮೇಲೆ ಮೊದಲ ಬಿಂದುವಿನಿಂದ ಎರಡನೆಯದಕ್ಕೆ ಹೋಗಿ, ಇನ್ನೊಂದರ ಮೇಲೆ ಮರಳಿ ಬರುವ ಕುಣಿಕೆಯನ್ನು ಎಳೆದು, ಆ ಕುಣಿಕೆಯನ್ನು ಒಂದು ತಟ್ಟೆಯಿಂದ ಮುಚ್ಚಿ, ಆ ತಟ್ಟೆಯ ಮೇಲಿಂದ ಒಂದು ಉಪಮ್ಯಾನಿಫೋಲ್ಡನ್ನು ಆಚೆಗೆ ಜಾರಿಸಬೇಕು. ತಟ್ಟೆ ತನ್ನನ್ನು ತಾನು ಛೇದಿಸದೆ ಇದ್ದರೆ ಮಾತ್ರ ಇದು ಸಾಧ್ಯ. ತಟ್ಟೆಗೆ ಎರಡು ಆಯಾಮ. ಸುತ್ತಲಿನ ಆಕಾಶಕ್ಕೆ ಐದು ಅಥವಾ ಹೆಚ್ಚು ಆಯಾಮಗಳಿದ್ದರೆ ಎರಡು ಮತ್ತು ಎರಡು ಸೇರಿದರೂ ಅದನ್ನು ತುಂಬಲಾರವು, ಆದ್ದರಿಂದ ಕೊಂಚ ಅಲುಗಿಸಿದರೆ ತಟ್ಟೆಯ ಸ್ವಂತ ಛೇದನಗಳೆಲ್ಲ ಬಿಟ್ಟುಹೋಗುತ್ತವೆ. ನಾಲ್ಕರಲ್ಲಿ ಎರಡು ಮತ್ತು ಎರಡು ಸರಿಯಾಗಿ ನಾಲ್ಕು. ತಟ್ಟೆ ಬಿಡಿಬಿಡಿಯಾದ ಬಿಂದುಗಳಲ್ಲಿ ತನ್ನನ್ನು ತಾನೇ ಅಡ್ಡಹಾಯುತ್ತದೆ, ಎಷ್ಟು ಅಲುಗಿಸಿದರೂ ಆ ಬಿಂದುಗಳು ಸರಿಯುತ್ತವೆಯೇ ಹೊರತು ಹೋಗುವುದಿಲ್ಲ. ಸ್ಟೀಫನ್ ಸ್ಮೇಲ್ 1960ರ ದಶಕದ ಆರಂಭದಲ್ಲಿ ಐದು ಮತ್ತು ಮೇಲಿನ ಆಯಾಮಗಳ ಪ್ವಾಂಕರೆ ಊಹೆಯನ್ನು (ಗೋಳದ ಮೂಲ ಲಕ್ಷಣಗಳಿರುವ ಮುಚ್ಚಿದ ಮ್ಯಾನಿಫೋಲ್ಡ್ ಹೋಮಿಯೋಮಾರ್ಫಿಸಂನ ಲೆಕ್ಕದಲ್ಲಿ ಗೋಳವೇ ಎಂಬುದನ್ನು) ಬಗೆಹರಿಸಿದ ದಾರಿಯಲ್ಲಿ ಈ ಉಪಾಯವೇ ಜೀವನಾಡಿ. ಅದು ನಾಲ್ಕರ ಬಾಗಿಲಲ್ಲಿ ನಿಂತುಬಿಟ್ಟಿತು.

ಆಂಡ್ರ್ಯೂ ಕ್ಯಾಸನ್ 1970ರ ದಶಕದಲ್ಲಿ ಒಂದು ಮೊಂಡು ದಾರಿ ಹಿಡಿದರು. ತಟ್ಟೆಯ ಪ್ರತಿ ಸ್ವಂತ ಛೇದನವನ್ನು ಸರಿಪಡಿಸಲು ಇನ್ನೊಂದು ತಟ್ಟೆ, ಆ ತಟ್ಟೆಗೂ ಛೇದನಗಳಿದ್ದರೆ ಅವಕ್ಕೆ ಮತ್ತಷ್ಟು ತಟ್ಟೆಗಳು, ಹೀಗೆ ಕೊನೆಯಿಲ್ಲದೆ. ಆ ಅನಂತ ಗೋಪುರಕ್ಕೆ ಈಗ ಕ್ಯಾಸನ್ ಹ್ಯಾಂಡಲ್ ಎಂದು ಹೆಸರು. ಮೈಕೆಲ್ ಫ್ರೀಡ್‌ಮನ್ 1981ರಲ್ಲಿ ತೋರಿಸಿದ್ದು, ಈ ಗೋಪುರ ಹೋಮಿಯೋಮಾರ್ಫಿಸಂನ ಲೆಕ್ಕದಲ್ಲಿ ನಮಗೆ ಬೇಕಾಗಿದ್ದ ಸಾದಾ ತಟ್ಟೆಯ ದಪ್ಪಗಾದ ರೂಪವೇ ಎಂಬುದನ್ನು. ಈ ಸಾಧನೆ ಎಷ್ಟು ಕಷ್ಟದ್ದೋ ಅಷ್ಟೇ ಉದಾರವಾದದ್ದು. ಪ್ರತಿ ಕುಣಿಕೆಯೂ ಬಿಂದುವಿಗೆ ಕುಗ್ಗಬಲ್ಲಂಥ ಮುಚ್ಚಿದ ನಾಲ್ಕು-ಮ್ಯಾನಿಫೋಲ್ಡ್‌ಗಳೆಲ್ಲ ಒಂದೇ ಏಟಿಗೆ ವಿಂಗಡಣೆಗೆ ಬಂದವು. ಅದರೊಳಗಿನ ಮೇಲ್ಮೈಗಳು ಒಂದನ್ನೊಂದು ಎಷ್ಟು ಸಲ, ಯಾವ ಚಿಹ್ನೆಯಿಂದ ಛೇದಿಸುತ್ತವೆ ಎಂಬ ಪೂರ್ಣಾಂಕಗಳ ಕೋಷ್ಟಕ, ಅಂದರೆ ಛೇದನ ರೂಪ, ಮತ್ತು ಅದರ ಜೊತೆ ಹೌದು-ಇಲ್ಲ ಎನ್ನುವ ಒಂದೇ ಒಂದು ಗುರುತು ಸಾಕು. ಯಾವ ಕೋಷ್ಟಕ ಕೊಟ್ಟರೂ, ಅದರ ನಿರ್ಣಾಯಕ ಒಂದು ಅಥವಾ ಋಣ ಒಂದು ಆಗಿದ್ದರೆ, ಅದನ್ನು ಹೊತ್ತ ಮ್ಯಾನಿಫೋಲ್ಡ್ ಇದೆ. ಅದಕ್ಕೆ ನಯರಚನೆ ಇದೆಯೇ ಎಂಬ ಬಗ್ಗೆ ಮಾತ್ರ ಫ್ರೀಡ್‌ಮನ್ ಪ್ರಮೇಯ ತುಟಿ ಬಿಚ್ಚುವುದಿಲ್ಲ.

ತುಟಿ ಬಿಚ್ಚಿದ್ದು ಮರುವರ್ಷವೇ, ಆಕ್ಸ್‌ಫರ್ಡ್‌ನ ಸಂಶೋಧನಾ ವಿದ್ಯಾರ್ಥಿ ಸೈಮನ್ ಡೊನಾಲ್ಡ್‌ಸನ್. ಕಣಭೌತಶಾಸ್ತ್ರದಿಂದ ಬಂದ ಯಾಂಗ್–ಮಿಲ್ಸ್ ಸಮೀಕರಣಗಳನ್ನು ಅವರು ನಾಲ್ಕು-ಮ್ಯಾನಿಫೋಲ್ಡ್‌ನ ಮೇಲೆ ಬರೆದು, ಇನ್‌ಸ್ಟಾಂಟನ್ ಎಂಬ ಪರಿಹಾರಗಳನ್ನೆಲ್ಲ ಒಟ್ಟುಗೂಡಿಸಿ, ಆ ಪರಿಹಾರಗಳ ಸಮೂಹವನ್ನೇ ಒಂದು ಆಕಾಶವಾಗಿ ನೋಡಿದರು. ಛೇದನ ರೂಪ ಪೂರ್ತಿ ಒಂದೇ ಚಿಹ್ನೆಯದಾಗಿದ್ದರೆ ಆ ಆಕಾಶಕ್ಕೆ ಐದು ಆಯಾಮ. ಅದರ ಒಂದು ತುದಿಯಲ್ಲಿ ನಾವು ಹೊರಟ ಮ್ಯಾನಿಫೋಲ್ಡೇ ಕುಳಿತಿರುತ್ತದೆ, ಒಳಗೆ ಅಲ್ಲಲ್ಲಿ ಚೂಪಾದ ಶಂಕುಗಳಿರುತ್ತವೆ, ಪ್ರತಿ ಶಂಕುವಿನ ಬುಡ ಸಂಕೀರ್ಣ ಪ್ರಕ್ಷೇಪ ಸಮತಲ ಎಂಬ ಸರಳ ನಾಲ್ಕು-ಮ್ಯಾನಿಫೋಲ್ಡ್‌ನ ಒಂದು ಪ್ರತಿ. ಶಂಕುಗಳನ್ನು ಕತ್ತರಿಸಿ ತೆಗೆದರೆ ಉಳಿಯುವುದು ನಮ್ಮ ಮ್ಯಾನಿಫೋಲ್ಡಿಗೂ ಆ ಸಮತಲಗಳ ಗುಂಪಿಗೂ ನಡುವಿನ ಐದು ಆಯಾಮದ ಸೇತು. ಆ ಸೇತುವಿನಿಂದ ಬರುವ ತೀರ್ಮಾನ: ನಯವಾದ ಮ್ಯಾನಿಫೋಲ್ಡ್‌ನ ಛೇದನ ರೂಪ ಒಂದೇ ಚಿಹ್ನೆಯದಾದರೆ ಅದನ್ನು ಕರ್ಣದಲ್ಲಿ ಮಾತ್ರ ಅಂಕೆಗಳಿರುವ ಕೋಷ್ಟಕವಾಗಿ ಬದಲಿಸಬಹುದು. ಫ್ರೀಡ್‌ಮನ್ ಒಪ್ಪುವ ಅಸಂಖ್ಯ ರೂಪಗಳನ್ನು ಡೊನಾಲ್ಡ್‌ಸನ್ ಪ್ರಮೇಯ ನಯವಾದ ಜಗತ್ತಿನಿಂದ ಹೊರಗಟ್ಟುತ್ತದೆ. ಇಬ್ಬರಿಗೂ 1986ರಲ್ಲಿ ಫೀಲ್ಡ್ಸ್ ಪದಕ ಬಂತು.

ಇವೆರಡನ್ನು ಎದುರುಬದುರು ನಿಲ್ಲಿಸಿದರೆ ವಿಲಕ್ಷಣ ಆಕಾಶ ತಾನಾಗಿ ಹೊರಬೀಳುತ್ತದೆ. ವಾದ ಇಡೀ ವಿಷಯದ ತಿರುಳಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕೆ3 ಎಂಬ ಪ್ರಸಿದ್ಧ ನಯವಾದ ಮ್ಯಾನಿಫೋಲ್ಡ್ ಇದೆ. ಕುಮ್ಮರ್, ಕೇಲರ್, ಕೊಡೈರ ಎಂಬ ಮೂವರ ಜೊತೆಗೆ ಕೆ2 ಶಿಖರವನ್ನೂ ನೆನೆದು ಆಂದ್ರೆ ವೇ ಇಟ್ಟ ಹೆಸರು ಅದು, ಬೆಟ್ಟದ ಸೀಮೆಯವನಾಗಿ ನನಗೆ ಇಷ್ಟವಾದದ್ದು. ಅದರ ಛೇದನ ರೂಪದಲ್ಲಿ ಎರಡು ಭಾಗ: ಕರ್ಣರೂಪಕ್ಕೆ ತರಲಾಗದ, ಋಣ ಚಿಹ್ನೆಯ 16 ಸಾಲುಗಳ ಒಂದು ಭಾಗ, ಉಳಿದ ಆರು ಸಾಲುಗಳ ಸಾದಾ ಭಾಗ. ಈ ಸಾದಾ ಭಾಗ ಎರಡು ಆಯಾಮದ ಗೋಳಗಳ ಗುಣಲಬ್ಧದ ಮೂರು ಪ್ರತಿಗಳನ್ನು ಬೆಸೆದರೆ, ಅಂದರೆ ಒಂದೊಂದರಿಂದ ಉಂಡೆ ತೆಗೆದು ಆ ಬಾಯಿಗಳನ್ನು ಕೂಡಿಸಿದರೆ, ಬರುವಂಥದ್ದು. ಕ್ಯಾಸನ್ ಹ್ಯಾಂಡಲ್‌ಗಳ ನೆರವಿನಿಂದ ಸಾದಾ ಭಾಗವನ್ನು ಹೊತ್ತ ಒಂದು ತೆರೆದ ಪ್ರದೇಶವನ್ನು ಕೆ3ರೊಳಗೆ ಗುರುತಿಸಬಹುದು, ಅದೇ ಪ್ರದೇಶವನ್ನು ನಯವಾಗಿಯೇ ಆ ಬೆಸೆದ ಗುಣಲಬ್ಧದೊಳಗೂ ಕೂರಿಸಬಹುದು. ಬೆಸೆದ ಗುಣಲಬ್ಧದಿಂದ ಪ್ರದೇಶದ ನಡುತಿರುಳನ್ನು ತೆಗೆದರೆ ಮಿಕ್ಕದ್ದು, ಫ್ರೀಡ್‌ಮನ್ ಪ್ರಕಾರ, ನಾಲ್ಕು ಆಯಾಮದ ಯೂಕ್ಲಿಡ್ ಆಕಾಶಕ್ಕೆ ಹೋಮಿಯೋಮಾರ್ಫಿಕ್. ಅದು ಸಾದಾ ಆಕಾಶವೇ ಆಗಿದ್ದಿದ್ದರೆ ಅದರೊಳಗಿನ ಯಾವ ಸಾಂದ್ರ ಗಣವನ್ನಾದರೂ ನಯವಾದ ಮೂರು ಆಯಾಮದ ಗೋಳವೊಂದರಿಂದ ಸುತ್ತುವರಿಯಬಹುದಿತ್ತು. ಆ ಗೋಳವನ್ನು ಕೆ3ರೊಳಗಿನ ಪ್ರದೇಶಕ್ಕೆ ಒಯ್ದು, ಅಲ್ಲಿ ಕತ್ತರಿಸಿ, ಸಾದಾ ಭಾಗವನ್ನು ಎಸೆದು, ಬಾಯಿಗೆ ನಾಲ್ಕು ಆಯಾಮದ ಉಂಡೆಯೊಂದನ್ನು ಮುಚ್ಚಿದರೆ ಕರ್ಣರೂಪಕ್ಕೆ ಬಾರದ ಭಾಗ ಮಾತ್ರ ಉಳಿದ ನಯವಾದ ಮ್ಯಾನಿಫೋಲ್ಡ್ ಸಿಗುತ್ತದೆ. ಅಂಥದ್ದು ಇರಲಾರದು ಎಂದು ಡೊನಾಲ್ಡ್‌ಸನ್ ಹೇಳಿಯಾಗಿದೆ. ಆದ್ದರಿಂದ ನಾವು ಕಟ್ಟಿದ ಆಕಾಶ ಸಾದಾ ಆಕಾಶವಲ್ಲ.

ಅಂದರೆ ಆ ಆಕಾಶದಲ್ಲಿ ಒಂದು ಸಾಂದ್ರ ಗಣವಿದೆ, ಎಷ್ಟು ದೂರ ಹೋದರೂ ಅದನ್ನು ಸುತ್ತುವರಿಯುವ ನಯವಾದ ಗೋಳ ಸಿಗುವುದಿಲ್ಲ. ಕೊಂಚ ಕೊಂಕಿರುವ ಗೋಳಗಳು ಬೇಕಾದಷ್ಟಿವೆ. ಅವುಗಳ ಕೊಂಕನ್ನು ನೇರ್ಪಡಿಸಲು ಬರುವುದಿಲ್ಲ. ರಾಬರ್ಟ್ ಗೊಂಫ್ 1983ರಲ್ಲಿ ಇಂಥ ಮೂರು ಬೇರೆಬೇರೆ ಆಕಾಶಗಳನ್ನು ಪ್ರಕಟಿಸಿದರು, ಕ್ಲಿಫರ್ಡ್ ಟಾಬ್ಸ್ 1987ರಲ್ಲಿ ಅವು ಎಣಿಕೆಗೆ ಮೀರಿವೆ ಎಂದು ತೋರಿಸಿದರು. ಕೆಲವಂತೂ ಸಾದಾ ಆಕಾಶದ ಒಳಗೇ ತೆರೆದ ಉಪಗಣಗಳಾಗಿ ಕುಳಿತಿವೆ. ಯಾವುದನ್ನೇ ತೆಗೆದುಕೊಂಡು ಒಂದು ರೇಖೆಯೊಂದಿಗೆ ಗುಣಿಸಿದರೆ ಐದು ಆಯಾಮದ ಸಾದಾ ಆಕಾಶ ಸಿಗುತ್ತದೆ, ವೈಲಕ್ಷಣ್ಯವೆಲ್ಲ ಕರಗಿಹೋಗುತ್ತದೆ. ಒಂದು ಆಯಾಮ ಹೆಚ್ಚಾದೊಡನೆ ತಟ್ಟೆಗೆ ಬೇಕಾದ ಜಾಗ ಬಂದುಬಿಟ್ಟಿತಲ್ಲ.

ಈ ಹಂತದಲ್ಲಿ ಯಾರಾದರೊಬ್ಬರು ದೇಶ ಮೂರು, ಕಾಲ ಒಂದು, ಒಟ್ಟು ನಾಲ್ಕು ಎಂದು ಲೆಕ್ಕ ಹಾಕಿ, ವಿಶ್ವವೇ ಈ ವೈಚಿತ್ರ್ಯವನ್ನು ಆರಿಸಿಕೊಂಡಿದೆ ಎಂದು ಬರೆಯುತ್ತಾರೆ. ನನಗೆ ಆ ಮಾತಿನಲ್ಲಿ ವಿಶ್ವಾಸವಿಲ್ಲ. ಭೌತಶಾಸ್ತ್ರದ ಋಣ ಇಲ್ಲಿ ಬೇರೆ ತೆರನಾದದ್ದು: ಸಮೀಕರಣಗಳು ಅಲ್ಲಿಂದ ಬಂದವು, ಉಪಕರಣಗಳಾಗಿ ಬಂದವು. ಇನ್ನೊಂದು ಋಣ ನಮ್ಮ ದೇಶದ್ದು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿದ್ದ ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ 1965ರಲ್ಲಿ ಬೀಜಗಣಿತದ ಸ್ಥಿರ ಸದಿಶ ಕಟ್ಟುಗಳಿಗೂ (ಪ್ರತಿ ಬಿಂದುವಿಗೂ ಒಂದೊಂದು ಸದಿಶ ಆಕಾಶವನ್ನು ಅಂಟಿಸಿದ ರಚನೆಗಳಿಗೂ) ಕುಣಿಕೆಗಳಿಗೆ ತಿರುಗಣೆಗಳನ್ನು ಕೊಡುವ ಏಕಾತ್ಮಕ ನಿರೂಪಣೆಗಳಿಗೂ ಸಂಬಂಧ ಕಟ್ಟಿದ್ದರು. ಡೊನಾಲ್ಡ್‌ಸನ್ 1983ರಲ್ಲಿ ಅದಕ್ಕೆ ಹೊಸ ಸಾಧನೆ ಕೊಟ್ಟು, ಮುಂದೆ ಬೀಜೀಯ ಮೇಲ್ಮೈಗಳಿಗೆ ವಿಸ್ತರಿಸಿದರು. ಇನ್‌ಸ್ಟಾಂಟನ್‌ಗಳನ್ನು ಕೈಯಿಂದ ಲೆಕ್ಕ ಹಾಕುವುದು ಅದರಿಂದ ಸಾಧ್ಯವಾಯಿತು, ಸಂಕೀರ್ಣ ಪ್ರಕ್ಷೇಪ ಸಮತಲವನ್ನು ಒಂಬತ್ತು ಬಿಂದುಗಳಲ್ಲಿ ಉಬ್ಬಿಸಿ, ಅಂದರೆ ಪ್ರತಿ ಬಿಂದುವಿನ ಜಾಗದಲ್ಲಿ ಒಂದು ಗೋಳವನ್ನು ಕೂರಿಸಿ, ಪಡೆದ ಮ್ಯಾನಿಫೋಲ್ಡಿಗೆ ಡೊಲ್ಗಾಚೆವ್ ಮೇಲ್ಮೈ ಎಂಬ ಬೀಜೀಯ ಮೇಲ್ಮೈ ಒಂದು ವಿಲಕ್ಷಣ ಜೋಡಿ ಎಂದು 1987ರಲ್ಲಿ ಪ್ರಕಟವಾದದ್ದು ಆ ಲೆಕ್ಕದ ಫಲ. ಭೌತಶಾಸ್ತ್ರದಿಂದಲೇ ಬಂದ, ಯಾಂಗ್–ಮಿಲ್ಸ್‌ಗಿಂತ ಸರಳವಾದ ಸೈಬರ್ಗ್–ವಿಟ್ಟನ್ ಸಮೀಕರಣಗಳು 1994ರಲ್ಲಿ ಬಂದ ಮೇಲೆ ಕೆಲಸ ಇನ್ನೂ ಹಗುರವಾಯಿತು. ರೊನಾಲ್ಡ್ ಫಿಂಟುಶೆಲ್ ಮತ್ತು ರೊನಾಲ್ಡ್ ಸ್ಟರ್ನ್ 1998ರಲ್ಲಿ ಕೆ3ರೊಳಗಿನ ಒಂದು ಟೋರಸ್‌ನ (ಬಳೆಯಾಕಾರದ ಮೇಲ್ಮೈಯ) ಸುತ್ತಲಿನ ಭಾಗವನ್ನು ತೆಗೆದು ಅಲ್ಲಿ ಗಂಟೊಂದರ ಹೊರಭಾಗವನ್ನು ವೃತ್ತದಿಂದ ಗುಣಿಸಿ ತುಂಬಿದರು. ಗಂಟಿನಿಂದ ಲೆಕ್ಕ ಹಾಕಿ ಪಡೆಯುವ ಅಲೆಕ್ಸಾಂಡರ್ ಬಹುಪದವೇ ಹೊಸ ರಚನೆಯ ಗುರುತಾಗಿ ಹೊಮ್ಮಿತು. ಬಹುಪದಗಳು ಅನಂತ, ರಚನೆಗಳೂ ಅನಂತ.

ಇಲ್ಲಿಯವರೆಗೆ ಹೇಳಿದ್ದು ಆಕಾಶಗಳ ಮಾತು. ನನ್ನನ್ನು ಹೆಚ್ಚು ಕಾಡುವುದು ಆಕಾಶ ಒಂದೇ ಆಗಿದ್ದು ಅದನ್ನು ತನಗೆ ತಾನೇ ಹೊಂದಿಸುವ ಡಿಫಿಯೋಮಾರ್ಫಿಸಂಗಳು ವಿಲಕ್ಷಣವಾಗುವ ಪ್ರಸಂಗ. ಅಂಥ ಒಂದು ನಕ್ಷೆಯನ್ನು ಏನೂ ಮಾಡದ ನಕ್ಷೆಗೆ ಹಂತಹಂತವಾಗಿ ಒಯ್ಯಲು ಹೋಮಿಯೋಮಾರ್ಫಿಸಂಗಳ ಮೂಲಕ ದಾರಿ ಇದ್ದು, ಡಿಫಿಯೋಮಾರ್ಫಿಸಂಗಳ ಮೂಲಕ ಇಲ್ಲದೆ ಹೋಗಬಹುದು. ಡೇನಿಯಲ್ ರೂಬರ್‌ಮನ್ 1998ರಲ್ಲಿ ಮೊದಲ ಉದಾಹರಣೆಗಳನ್ನು ಕೊಟ್ಟರು. ಪೀಟರ್ ಕ್ರೋನ್‌ಹೈಮರ್ ಮತ್ತು ಟೊಮಾಸ್ ಮ್ರೋವ್ಕಾ 2020ರಲ್ಲಿ ತೋರಿಸಿದ ಉದಾಹರಣೆಯನ್ನಂತೂ ಮಾತಿನಲ್ಲೇ ಕಟ್ಟಬಹುದು. ಎರಡು ಕೆ3ಗಳನ್ನು ತೆಗೆದುಕೊಂಡು ಪ್ರತಿಯೊಂದರಿಂದ ಒಂದು ಉಂಡೆಯನ್ನು ತೆಗೆದು ಕತ್ತಿಗೆ ಕತ್ತು ಸೇರಿಸಿ. ಕತ್ತಿನ ಅಡ್ಡಕೊಯ್ತ ಮೂರು ಆಯಾಮದ ಗೋಳ. ಕತ್ತಿನ ಒಂದು ಕೊನೆಯಲ್ಲಿ ಗೋಳವನ್ನು ತಿರುಗಿಸಬೇಡಿ, ಮುಂದೆ ಸಾಗಿದಂತೆ ಸ್ವಲ್ಪ ಸ್ವಲ್ಪ ತಿರುಗಿಸುತ್ತ ಇನ್ನೊಂದು ಕೊನೆಗೆ ಮುಟ್ಟುವಾಗ ಪೂರ್ತಿ 360 ಡಿಗ್ರಿ ತಿರುಗಿಸಿರಿ. ಎರಡೂ ಕೊನೆಗಳಲ್ಲಿ ಪ್ರತಿ ಬಿಂದುವೂ ತನ್ನ ಜಾಗದಲ್ಲೇ ಇದೆ, ಆದ್ದರಿಂದ ಉಳಿದ ಭಾಗವನ್ನು ಅಲುಗಿಸದೆ ಬಿಡಬಹುದು. ಇದೇ ಆ ತಿರುಚು. ಎರಡು ಸಲ ಮಾಡಿದರೆ ಬಿಡಿಸಿಕೊಳ್ಳುತ್ತದೆ, ಏಕೆಂದರೆ ತಿರುಗಣೆಗಳ ಗುಂಪಿನಲ್ಲಿ 720 ಡಿಗ್ರಿಯ ಕುಣಿಕೆ ಕುಗ್ಗುತ್ತದೆ. ಒಂದು ಸಲ ಮಾಡಿದ್ದನ್ನು ನಿರಂತರವಾಗಿ ಬಿಡಿಸಬಹುದು, ನಯವಾಗಿ ಬಿಡಿಸಲಾಗದು. ಮ್ಯಾನಿಫೋಲ್ಡೊಂದರ ಮೇಲೆ ಸೈಬರ್ಗ್–ವಿಟ್ಟನ್ ಸಮೀಕರಣ ಬರೆದರೆ ಇದು ಕಾಣುವುದಿಲ್ಲ. ತಿರುಚನ್ನು ಬಳಸಿ ವೃತ್ತದ ಸುತ್ತ ಅಂಟಿಸಿದ ಮ್ಯಾನಿಫೋಲ್ಡ್‌ಗಳ ಇಡೀ ಕುಟುಂಬದ ಮೇಲೆ ಬರೆದಾಗ ಕಾಣುತ್ತದೆ.

ಸಿ. ಟಿ. ಸಿ. ವಾಲ್ 1964ರಲ್ಲೇ ಒಂದು ಸಮಾಧಾನದ ಪ್ರಮೇಯ ಕೊಟ್ಟಿದ್ದರು: ಒಂದೇ ಛೇದನ ರೂಪದ ಎರಡು ನಯವಾದ ಮ್ಯಾನಿಫೋಲ್ಡ್‌ಗಳಿಗೆ, ಕುಣಿಕೆಗಳೆಲ್ಲ ಕುಗ್ಗುವಂಥವಾದರೆ, ಗೋಳಗಳ ಗುಣಲಬ್ಧವನ್ನು ಸಾಕಷ್ಟು ಸಲ ಬೆಸೆದರೆ ಅವು ಡಿಫಿಯೋಮಾರ್ಫಿಕ್ ಆಗುತ್ತವೆ. ಗೊತ್ತಿರುವ ಮುಚ್ಚಿದ ಉದಾಹರಣೆಗಳಲ್ಲಿ ಬಹುತೇಕ ಒಂದೇ ಬೆಸುಗೆ ಸಾಕಾಗಿದೆ. ಮೇಲಿನ ತಿರುಚು ಅದಕ್ಕೂ ಬಗ್ಗಲಿಲ್ಲ. ಒಂದು ಬೆಸುಗೆಯ ನಂತರವೂ ಅದು ಬಿಡಿಸಿಕೊಳ್ಳುವುದಿಲ್ಲ ಎಂದು ಜಿಯಾನ್‌ಫೆಂಗ್ ಲಿನ್ ಸಾಧಿಸಿದ್ದಾರೆ. ಟಡಾಯುಕಿ ವಾತನಾಬೆ 2018ರಲ್ಲಿ ಇನ್ನೂ ಬುಡಕ್ಕೆ ಕೈ ಹಾಕಿದರು. ಎರಡು ಆಯಾಮದ ಗೋಳದ ಡಿಫಿಯೋಮಾರ್ಫಿಸಂಗಳ ಗುಂಪು ಸಾರದಲ್ಲಿ ತಿರುಗಣೆ–ಪ್ರತಿಬಿಂಬಗಳ ಗುಂಪೇ ಎಂದು ಸ್ಮೇಲ್, ಮೂರು ಆಯಾಮದ ಗೋಳಕ್ಕೂ ಹಾಗೆಯೇ ಎಂದು 1983ರಲ್ಲಿ ಅಲೆನ್ ಹ್ಯಾಚರ್ ತೋರಿಸಿದ್ದರು. ನಾಲ್ಕು ಆಯಾಮದ ಗೋಳಕ್ಕೆ ಅದು ಸುಳ್ಳು ಎಂಬುದು ವಾತನಾಬೆ ಫಲಿತಾಂಶ. ಅವರು ಹಿಡಿದದ್ದು ಡಿಫಿಯೋಮಾರ್ಫಿಸಂಗಳ ಕುಟುಂಬಗಳನ್ನು. ಗೋಳ ವಿಲಕ್ಷಣವಾಗಬಲ್ಲುದೇ ಎಂಬ ಪ್ರಶ್ನೆಯನ್ನು ಅದು ಮುಟ್ಟುವುದಿಲ್ಲ.

ಆ ಪ್ರಶ್ನೆ ಹಾಗೇ ಉಳಿದಿದೆ. ನಾಲ್ಕು ಆಯಾಮದ ಗೋಳಕ್ಕೆ ಹೋಮಿಯೋಮಾರ್ಫಿಕ್ ಆದ ನಯವಾದ ಮ್ಯಾನಿಫೋಲ್ಡ್ ಅದಕ್ಕೆ ಡಿಫಿಯೋಮಾರ್ಫಿಕ್ ಆಗಿಯೇ ಇರಬೇಕೇ? ಸಿಲ್ವೆನ್ ಕ್ಯಾಪೆಲ್ ಮತ್ತು ಜೂಲಿಯಸ್ ಶಾನೆಸನ್ 1970ರ ದಶಕದಲ್ಲಿ ಕಟ್ಟಿದ ಸಂಶಯಾಸ್ಪದ ಗೋಳಗಳ ಒಂದು ಅನಂತ ಶ್ರೇಣಿ ಸಾದಾ ಗೋಳವೇ ಎಂದು ಸೆಲ್ಮನ್ ಅಕ್ಬುಲುತ್ 2010ರಲ್ಲಿ ಬಗೆಹರಿಸಿದರು. ಚಿಪ್ರಿಯಾನ್ ಮನೋಲೆಸ್ಕು ಮತ್ತು ಲೀಸಾ ಪಿಚಿರಿಲ್ಲೊ 2021ರಲ್ಲಿ ಗಂಟುಗಳ ಮೂಲಕ ಬೇರೊಂದು ದಾರಿ ತೆರೆದು, ಐದು ಗಂಟುಗಳ ಪೈಕಿ ಒಂದಾದರೂ ನಾಲ್ಕು ಆಯಾಮದ ಉಂಡೆಯಲ್ಲಿ ನಯವಾದ ತಟ್ಟೆಗೆ ಅಂಚಾಗಿದ್ದರೆ ವಿಲಕ್ಷಣ ಗೋಳ ಸಿಕ್ಕಂತೆ ಎಂದು ತೋರಿಸಿದರು. ಐದೂ ಅಂಥವಲ್ಲ ಎಂದು ಆಮೇಲೆ ತಿಳಿಯಿತು. ಇಲ್ಲೂ ತಟ್ಟೆಯದ್ದೇ ಪ್ರಶ್ನೆ, ನೋಡಿ.

ಈಗ ಬೆಂಗಳೂರಿನಲ್ಲಿ ಓದುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬ ಹುತ್ತರಿಗೆ ಊರಿಗೆ ಬಂದವನು ಕೇಳಿದ: "ಸರ್, ನಿಮ್ಮ ಅಂದಾಜೇನು? ವಿಲಕ್ಷಣ ಗೋಳ ಇದೆಯೋ ಇಲ್ಲವೋ?" ಇದೆ ಎಂದೇ ನನ್ನ ಅಂದಾಜು, ಅವನಿಗೂ ಹಾಗೇ ಹೇಳಿದೆ. ನಾಲ್ಕರಲ್ಲಿ ಇಷ್ಟು ಕಡೆ ಸಡಿಲವಿರುವಾಗ ಗೋಳ ಒಂದು ಮಾತ್ರ ಬಿಗಿಯಾಗಿರಲು ನನಗೆ ಕಾರಣ ಕಾಣುವುದಿಲ್ಲ. ಆದರೆ ಇದ್ದರೂ ಗುರುತಿಸುವ ಉಪಕರಣ ಇಲ್ಲ. ಸೈಬರ್ಗ್–ವಿಟ್ಟನ್ ಎಣಿಕೆ ಕೆಲಸ ಮಾಡಲು ಛೇದನ ರೂಪದಲ್ಲಿ ಧನ ಚಿಹ್ನೆಯ ಭಾಗ ಇರಬೇಕು. ಗೋಳಕ್ಕೆ ಛೇದನ ರೂಪವೇ ಸೊನ್ನೆ. ಹಾಗಾಗಿ ಜನ ಕೆಳಗಿನಿಂದ ಗೋಳವನ್ನು ಸಮೀಪಿಸುವ ಬದಲು ಮೇಲಿನಿಂದ ಇಳಿಯುತ್ತಿದ್ದಾರೆ. ಪ್ರಕ್ಷೇಪ ಸಮತಲವನ್ನು ಒಂಬತ್ತು ಬಿಂದುಗಳಲ್ಲಿ ಉಬ್ಬಿಸಿದ್ದಕ್ಕೆ ಡೊನಾಲ್ಡ್‌ಸನ್, ಎಂಟಕ್ಕೆ 1989ರಲ್ಲಿ ಡೀಟರ್ ಕೋಟ್ಶಿಕ್, ಏಳಕ್ಕೆ 2005ರಲ್ಲಿ ಜೊಂಗಿಲ್ ಪಾರ್ಕ್ ವಿಲಕ್ಷಣ ಜೋಡಿ ಕೊಟ್ಟರು. ಅನಂತರ ಆರು, ಐದು, ಮೂರು ಎಂದು ಇಳಿದು 2010ರ ಹೊತ್ತಿಗೆ ಅನಾರ್ ಅಖ್ಮೆದೋವ್ ಮತ್ತು ಬಿ. ಡೌಗ್ ಪಾರ್ಕ್ ಎರಡಕ್ಕೆ ಬಂದು ಮುಟ್ಟಿದರು. ಒಂದು ಬಿಂದುವಿನದು, ಗೋಳಗಳ ಗುಣಲಬ್ಧ, ಪ್ರಕ್ಷೇಪ ಸಮತಲ, ಕೊನೆಗೆ ಗೋಳ, ಇಷ್ಟು ಮೆಟ್ಟಿಲುಗಳು ಬಾಕಿ. ಗೋಳದ ಸುದ್ದಿಗಿಂತ ಮೊದಲು ಗೋಳಗಳ ಗುಣಲಬ್ಧದ ಸುದ್ದಿ ಬರುತ್ತದೆ, ಅದನ್ನೇ ಕಾಯುತ್ತಿರು ಎಂದು ಅವನಿಗೆ ಹೇಳಿ ಕಳಿಸಿದೆ.